ಏಳು ಗ್ರಾಂ

ನನ್ನ ಕೆಲಸ ಅಳಿಸುವುದು.
ಹಗಲು ಬರ್ನೊ ಊರಿನ ಟ್ರಾಮ್ ಡಿಪೊದಲ್ಲಿ ಬ್ರೇಕ್ ನೋಡುತ್ತೇನೆ,
ರಾತ್ರಿ, ಸಂಬಳವಿಲ್ಲದೆ,
ಹದಿನೆಂಟು ಸಾವಿರ ಪೊಟ್ಟಣಗಳ ಪಟ್ಟಿ ಹಿಡಿದು
ಯಾರೂ ಮುಟ್ಟದ್ದನ್ನು ಹುಡುಕುತ್ತೇನೆ.
ಎರಡು ವರ್ಷ ಸಾಕಿದವರ ಸದ್ದಿಲ್ಲದಿದ್ದರೆ
ಹೆಸರಿನ ಮುಂದೆ ‘ಅನಾಥ’ ಎಂದು ಬರೆಯಬೇಕು,
ಇನ್ನು ಆರು ತಿಂಗಳು ಕಾದು ತೆಗೆದುಹಾಕಬೇಕು.
ನಿಯಮ. ನಾವೇ ಜಗಳಾಡಿ ಮಾಡಿಕೊಂಡದ್ದು.

ಜಗಳವೆಂದರೆ ಕಪ್ಪೆ ತೂಗಿದ ಹಾಗೆ,
ಒಂದನ್ನು ಹಿಡಿದು ಕೂರಿಸುವಷ್ಟರಲ್ಲಿ ಇನ್ನೊಂದು ಹಾರಿರುತ್ತದೆ.
ಮೊಂಟೆವಿಡಿಯೊದವನು ಒಂದು ಅರ್ಧವಿರಾಮಕ್ಕಾಗಿ ಮುನಿದು
ತನ್ನದೇ ಕವಲು ಒಡೆಸಿಕೊಂಡು ಹೋದ.
(ಸರಿ ಇದ್ದವನು ಅವನೇ. ಈಗ ಹೇಳಿ ಏನು ಫಲ.)

ಈ ಮಾರ್ಚಿನ ಪಟ್ಟಿಯಲ್ಲಿ ಒಂದು ತಕ್ಕಡಿ ಬಂತು.
ತಕ್ಕಡಿಯಲ್ಲ, ಹಳೆಯದೊಂದು ತೂಕದ ಯಂತ್ರದ ಜೊತೆ
ಕಂಪ್ಯೂಟರು ಮಾತಾಡಲು ಬೇಕಾದ ಚಾಲಕ,
ನಾನೂರ ಹನ್ನೆರಡು ಸಾಲು.
ಬರೆದವನು ಹನುಸ್. ಫರೋ ದ್ವೀಪದ ಕ್ಲಾಕ್ಸ್‌ವಿಕ್ ಬಂದರಿನಲ್ಲಿ
ಹರಾಜಿನ ಕಟ್ಟೆಯ ಮೇಲೆ ಮೀನು ತೂಗುತ್ತಿದ್ದವನು.
ಯಂತ್ರ ಮಾಡಿದ ಕಂಪನಿ ಮುಳುಗಿತ್ತು,
ಗುಟ್ಟೂ ಅದರ ಜೊತೆಗೇ.
ಒಂದು ಚಳಿಗಾಲ ಪೂರ್ತಿ ತಂತಿಗೆ ಕಿವಿಕೊಟ್ಟು,
ಅದು ಉಗುಳಿದ ಅಕ್ಷರ ಒಂದೊಂದೇ ಹೆಕ್ಕಿ,
ಹನುಸ್ ಅದರ ಭಾಷೆ ಕಲಿತ.
ಹೆತ್ತವರಿಗೆ ಹೆಗ್ಗಣ ಮುದ್ದು,
ಹತ್ತೊಂಬತ್ತು ವರ್ಷ ಸಾಕಿದ.

ಇನ್ನೂರ ಆರನೆಯ ಸಾಲಿನ ಮೇಲೆ ಅವನದೊಂದು ಟಿಪ್ಪಣಿ:
‘ಇಲ್ಲಿ ಏಳು ಗ್ರಾಂ ಕಳೆಯಿರಿ. ಯಾಕೆಂದು ತಿಳಿಯದು,
ಕಳೆದರೆ ಸರಿ ಬರುತ್ತದೆ. ಹೆಂಡತಿ ಊಟಕ್ಕೆ ಕರೆಯುತ್ತಿದ್ದಾಳೆ.’

ಪತ್ರ ಬರೆದೆ. ಮತ್ತೆ ಬರೆದೆ.
ಮೂರನೆಯದಕ್ಕೆ ಮಗಳ ಉತ್ತರ ಬಂತು:
ಅಪ್ಪ ಹೋದ ಅಕ್ಟೋಬರಿನಲ್ಲಿ ತೀರಿಕೊಂಡರು.
ನೀವು ಅವರ ಗೆಳೆಯರೆ?

ಏನೆಂದು ಹೇಳಲಿ.
ಹನ್ನೊಂದು ವರ್ಷ ಅವನ ತಪ್ಪು ನಾನು, ನನ್ನ ತಪ್ಪು ಅವನು
ತಿದ್ದಿಕೊಂಡು ಬಂದೆವು. ಮುಖ ನೋಡಿಲ್ಲ, ದನಿ ಗೊತ್ತಿಲ್ಲ.
ಪೂರ್ಣವಿರಾಮದ ನಂತರ ಎರಡು ಜಾಗ ಬಿಡುತ್ತಿದ್ದ,
ಗೊತ್ತಿರುವುದು ಇಷ್ಟು.
‘ಹೌದು’ ಎಂದು ಬರೆದೆ.
ಆಮೇಲೆ ಪಟ್ಟಿಗೆ ಬಂದು
‘ಅನಾಥ’ ಎಂದು ಬರೆದೆ.

ಸೆಪ್ಟೆಂಬರಿನ ಕೊನೆಯ ರಾತ್ರಿ
ಅಳಿಸುವ ಆಜ್ಞೆ ಟೈಪು ಮಾಡಿ, ಒತ್ತುವ ಮುನ್ನ
ಟೀ ಕಾಯಿಸಲು ಎದ್ದೆ.
(ಇದನ್ನು ವಿಧಿ ಅನ್ನಬೇಡಿ. ಬಾಯಾರಿತ್ತು, ಅಷ್ಟೆ.)
ಬಂದು ನೋಡಿದರೆ ಓಶ್‌ನಿಂದ ಒಂದು ತೇಪೆ.

ಕಿರ್ಗಿಸ್ತಾನದ ಓಶ್. ಬುರುಲ್ ಅಂತ ಹೆಸರು,
ಹೆರಿಗೆ ಆಸ್ಪತ್ರೆಯಲ್ಲಿ ಯಂತ್ರ ರಿಪೇರಿಯವಳು.
ದಾನಕ್ಕೆ ಬಂದ ಹಳೆ ಸಾಮಾನಿನ ರಾಶಿಯಲ್ಲಿ
ಮೀನಿನ ತಕ್ಕಡಿಯೂ ಒಂದಿತ್ತಂತೆ.
ಉಜ್ಜಿ, ಕುದಿನೀರು ಸುರಿದು, ಮೇಲೊಂದು ತೊಟ್ಟಿ ಕೂರಿಸಿ
ಮೂರು ವರ್ಷದಿಂದ ಕೂಸುಗಳನ್ನು ತೂಗುತ್ತಿದ್ದಾರೆ.
ತಿಂಗಳು ತುಂಬದೆ ಬಂದವಕ್ಕೆ
ಗ್ರಾಮೇ ಲೆಕ್ಕ.

‘ಏಳು ಗ್ರಾಂ ಎಂದರೆ
ತಟ್ಟೆಯಡಿಯ ರಬ್ಬರು ಉಂಗುರ,’ ಎಂದು ಬರೆದಿದ್ದಳು.
‘ಹನುಸರ ಯಂತ್ರದಲ್ಲಿ ಇತ್ತು, ನಮ್ಮದರಲ್ಲಿ ಬಿದ್ದುಹೋಗಿದೆ.
ಹಾಗಾಗಿ ನಮ್ಮೂರಿನ ಕೂಸುಗಳೆಲ್ಲ ಏಳು ಗ್ರಾಂ ಕಮ್ಮಿ ಹುಟ್ಟಿದವು.
ಈಗ ಉಂಗುರ ಉಂಟೋ ಇಲ್ಲವೋ ಎಂದು ಅದು ಕೇಳುತ್ತದೆ.
ಟಿಪ್ಪಣಿ ಅಳಿಸಿಲ್ಲ. ಅವರ ಹೆಂಡತಿ
ಇನ್ನೂ ಕರೆಯುತ್ತಿದ್ದಾರಲ್ಲ.
ಇದನ್ನು ನಾನು ಸಾಕಬಹುದೆ? ಯಾರ ಅಪ್ಪಣೆ ಬೇಕು?’

ಯಾರದ್ದೂ ಬೇಡ. ಮೊದಲ ಸಾಲಿನಲ್ಲೇ ಹನುಸ್ ಬರೆದಿಟ್ಟಿದ್ದಾನೆ:
ಒಯ್ಯಿರಿ, ಬಿಚ್ಚಿ, ತಿದ್ದಿ, ಹಂಚಿ.
ಯಾವ ಖಾತರಿಯೂ ಇಲ್ಲ.

ಅವಳ ತೇಪೆಯಲ್ಲಿ ಮೂರು ತಪ್ಪಿದ್ದವು.
ವಾಪಸು ಕಳಿಸಿದೆ.
ನಮ್ಮ ನಾಲ್ಕಕ್ಕೆ, ಅವಳ ಎಂಟಕ್ಕೆ
ಎರಡು ತಿದ್ದಿ, ಮೂರನೆಯದು ತಪ್ಪೇ ಅಲ್ಲವೆಂದು
ಜಗಳ ತೆಗೆದಳು.
ಆಗ ನನಗೆ ಧೈರ್ಯ ಬಂತು.
‘ಅನಾಥ’ ಒರೆಸಿ ಅವಳ ಹೆಸರು ಹಾಕಿದೆ.

ಕ್ಲಾಕ್ಸ್‌ವಿಕ್‌ನ ಆ ಮಗಳಿಗೂ ಒಂದು ಸಾಲು ಹಾಕಿದೆ:
ರಬ್ಬರು ಉಂಗುರವಂತೆ.
ಉತ್ತರ ಇನ್ನೂ ಬಂದಿಲ್ಲ.
ಟೀ ಆರಿತ್ತು. ಐದರ ಟ್ರಾಮಿಗೆ
ಬ್ರೇಕ್ ನೋಡಬೇಕಿತ್ತು, ಹೊರಟೆ.