ಹದಿನೇಳನೆಯ ಪ್ರಶ್ನೆ

ಕುಹ್ಮೊ ಊರು ದಾಟಿ ಹನ್ನೊಂದು ಕಿಲೋಮೀಟರು.
ಕೆರೆ ಹೆಪ್ಪುಗಟ್ಟಿದೆ, ಅಂಚೆಡಬ್ಬಿಗೆ ಹಿಮದ ಟೋಪಿ.
ಬೂಟು ಕಳಚಿ, ಉಣ್ಣೆಯ ಕಾಲುಚೀಲದಲ್ಲಿ ಒಳಗೆ ಬರುತ್ತೇನೆ,
ಕಂಕುಳಲ್ಲಿ ಆಸ್ಪತ್ರೆಯ ಕಡತ, ನಲವತ್ತು ಪ್ರಶ್ನೆ.
ಹದಿನೇಳನೆಯದು ಹೀಗಿದೆ:
ನಿಮಗೆ ಐವತ್ತು ವಯಸ್ಸಾಗಿದ್ದಾಗ
ದಿನಕ್ಕೆ ಎಷ್ಟು ಲೋಟ ಕಾಫಿ ಕುಡಿಯುತ್ತಿದ್ದಿರಿ?
ಎರಡರೊಳಗೋ, ಮೂರರಿಂದ ಐದೋ, ಅದಕ್ಕೂ ಮೇಲೋ?
ಸೋಸಿದ್ದೋ, ಕುದಿಸಿದ್ದೋ?

ಮರೆವಿನವರನ್ನು ಕೇಳುವ ಪ್ರಶ್ನೆಯೇ ಇದು!
ಬರೆದವರು ಹೆಲ್ಸಿಂಕಿಯಲ್ಲಿದ್ದಾರೆ, ಬೆಚ್ಚಗೆ.

ಲೆಂಪಿ ನಗುತ್ತಾಳೆ. ಮೊದಲು ಕೂತುಕೋ, ಎನ್ನುತ್ತಾಳೆ.
ಒಲೆಯ ಮೇಲೆ ನೀರು ಕಾಯುತ್ತಿದೆ.
ಕಿಟಕಿಯ ಬಳಿ ತಾವ್ನೊ ಕಾಯುತ್ತಿದ್ದಾನೆ,
ಅವಳು ಒಲೆ ಮರೆತರೆ ಆರಿಸಲು,
ಮಾತು ಮರೆತರೆ ಎತ್ತಿಕೊಡಲು.
ಕಾಫಿ ಕಾಯುತ್ತದೆಯೇ?
ಅದನ್ನೇ ಕೇಳಲು ಬಂದವಳು ನಾನು.

ಮೂರರಿಂದ ಐದು ಕುಡಿದವರು ಕಡಿಮೆ ಮರೆತರು
ಎಂದು ಯಾರೋ ಎಣಿಸಿದರು. ಇನ್ಯಾರೋ ಎಣಿಸಿ
ಹಾಗೇನೂ ಕಾಣುವುದಿಲ್ಲ ಎಂದರು.
ಕುಡಿದದ್ದರಿಂದ ನೆನಪು ಉಳಿಯಿತೋ,
ನೆನಪು ಉಳಿದದ್ದರಿಂದ ಕುಡಿಯುವುದು ಉಳಿಯಿತೋ,
ಗೊತ್ತಿಲ್ಲ. ನನ್ನಮ್ಮ ದಿನಕ್ಕೆ ಒಂಬತ್ತು ಕುಡಿಯುತ್ತಿದ್ದಳು.
ಕೊನೆಯ ಎರಡು ವರ್ಷ ನನ್ನನ್ನು
ನರ್ಸಮ್ಮ ಎಂದು ಕರೆದಳು. ಅದೂ ಸುಳ್ಳಲ್ಲ.

"ಒಂದು," ಎನ್ನುತ್ತಾಳೆ ಲೆಂಪಿ.
"ಐದು," ತಾವ್ನೊ, "ಕೊಟ್ಟಿಗೆಗೆ ಹೋಗುವ ಮುಂಚೆ ಒಂದು, ಆಮೇಲೆ..."
"ಒಂದೇ. ಅಪ್ಪ ತಂದದ್ದು.
ಯುದ್ಧ ಮುಗಿದ ಮರುವರ್ಷ, ಜಾರುಬಂಡಿಯಲ್ಲಿ.
ಅಲ್ಲಿಯತನಕ ರೈ ಕಾಳು ಹುರಿದು ಕುಡಿದೆವು,
ಯಾವುದೋ ಬೇರು ಹುರಿದು ಕುಡಿದೆವು, ಇದ್ದಿಲಿನ ರುಚಿ.
ಅಪ್ಪನ ಕೋಟಿನ ಒಳಜೇಬಿನಲ್ಲಿ ಒಂದು ಹಿಡಿ ಬೀಜ,
ಕುದುರೆಯ ಬೆವರು ನಾರುತ್ತಿತ್ತು.
ಅಮ್ಮ ಹುರಿದಳು. ನೆರೆಯವರು
ಕರೆಯದೆ ಬಂದು ಬಾಗಿಲಲ್ಲಿ ನಿಂತರು.
ನನಗೆ ಬಸಿಯಲ್ಲಿ ಎರಡೇ ಗುಟುಕು,
ಹಲ್ಲಿನ ಸಂದಿಯಲ್ಲಿ ಸಕ್ಕರೆಯ ಚೂರು ಕಚ್ಚಿಕೊಂಡು."

ಕುದುರೆಯ ಹೆಸರು ಹೇಳುತ್ತಾಳೆ, ವಿರ್ಕು.
ಬಾಗಿಲಲ್ಲಿ ನಿಂತವರ ಹೆಸರು, ಒಬ್ಬೊಬ್ಬರದೂ.
ಆಮೇಲೆ ತಾವ್ನೊನತ್ತ ತಿರುಗಿ, ಬಲು ಮರ್ಯಾದೆಯಿಂದ:
"ನೀವು ಯಾರ ಮನೆಯವರು?"

"ಇಲ್ಲೇ ಪಕ್ಕದವನು," ಎನ್ನುತ್ತಾನೆ,
"ವಾಸನೆ ಹಿಡಿದು ಬಂದೆ."

ಲೋಟ ಬರುತ್ತದೆ. ತಳದಲ್ಲಿ ಸುಟ್ಟ ಗಿಣ್ಣಿನ ತುಣುಕು
ಬಿಸಿಯಲ್ಲಿ ನೆನೆಯುತ್ತಿದೆ.
ಎದುರಿಗೆ ಕೂತು ಲೆಂಪಿಯೂ ನೆನೆಯುತ್ತಾಳೆ, ಏನನ್ನೋ.
ಗಿಣ್ಣು ಮೆತ್ತಗಾಗುತ್ತದೆ;
ಕಚ್ಚಿದರೆ ಇನ್ನೂ ಕಿರುಗುಟ್ಟುತ್ತದೆ.

ತಾವ್ನೊ ತನ್ನದನ್ನು ಮುಗಿಸಿ ಕೆಳಗಿಡುವಷ್ಟರಲ್ಲಿ
ಅವಳೆದ್ದು ಮತ್ತೆ ನೀರಿಡುತ್ತಾಳೆ:
"ಅಯ್ಯೋ, ಬಂದವರಿಗೆ ಕಾಫಿಯನ್ನೇ ಕೊಡಲಿಲ್ಲ."
ಹೌದಲ್ಲ, ಎನ್ನುತ್ತಾನೆ ಅವನು.
ಖಾಲಿ ಲೋಟವನ್ನು ಬೆನ್ನ ಹಿಂದೆ ಮರೆಮಾಡಿ
ತೊಳೆಯಲು ಒಯ್ಯುತ್ತಾನೆ. ಅಲ್ಲಿ ನೋಡುತ್ತೇನೆ,
ಬೋರಲು ಹಾಕಿದ ಆರು ಲೋಟ, ಇನ್ನೂ ಒದ್ದೆ.
ಆರು ಸಲ ಹೌದಲ್ಲ ಎಂದಿದ್ದಾನೆ ಬೆಳಗಿನಿಂದ,
ಆರು ಸಲ ಮೊದಲ ಗುಟುಕಿಗೆ ಹುಬ್ಬೇರಿಸಿದ್ದಾನೆ.

ಕಾಫಿ ನೆನಪನ್ನು ಕಾಯುವುದು ನಿಜವೇ ಆದರೆ
ಅವಳ ಮರೆವೇ ಅವನ ನೆನಪಿಗೆ ಕಾವಲು.
ಇದಕ್ಕೆ ನನ್ನ ಕಡತದಲ್ಲಿ ಚೌಕವಿಲ್ಲ.

ಹದಿನೇಳರ ಎದುರು ಪೆನ್ಸಿಲಿನಲ್ಲಿ ಒಂದು ಎಂದು ಬರೆಯುತ್ತೇನೆ,
ಅಳಿಸಿ ಐದು ಎಂದು ಬರೆಯುತ್ತೇನೆ, ಅದನ್ನೂ ಅಳಿಸುತ್ತೇನೆ.
ಅಷ್ಟು ಜಾಗದಲ್ಲಿ ಕಾಗದ ತೆಳ್ಳಗಾಗಿದೆ.

ಎರಡೂವರೆಗೇ ಕತ್ತಲು. ಹೊಸ್ತಿಲಲ್ಲಿ ಬಗ್ಗಿ
ಬೂಟು ಹಾಕಿಕೊಳ್ಳುವಾಗ ಹಿಂದಿನಿಂದ ನಲ್ಲಿಯ ಸದ್ದು,
ಅವಳ ದನಿ:
"ಯಾರೋ ಹೊರಟ ಹಾಗಿದೆಯಲ್ಲ, ಕೂರಿಸಿ,
ಕಾಫಿ ಕುಡಿಯದೆ ಹೋಗುವುದುಂಟೇ?"

ಹಾಕಿದ ಒಂದು ಬೂಟನ್ನು ಕಳಚುತ್ತೇನೆ.