ಖಾನೆ ಬದಲು

ಬೆಂಡಿಗೋದ ಮ್ಯೂಸಿಯಮ್ಮಿನ ಹಿಂದಿನ ಕೋಣೆ.
ತಗಡಿನ ಮಾಡು, ಕರ್ಪೂರದಂಥ, ಆದರೆ ಕರ್ಪೂರವಲ್ಲದ ವಾಸನೆ.
ನನ್ನ ಕೆಲಸ ಹಳೇ ಚೀಟಿ ಬಿಚ್ಚಿ ಹೊಸದು ಕಟ್ಟುವುದು.
ಹಕ್ಕಿಗಳ ಮನೆತನ ಬದಲಾಗಿದೆಯಂತೆ.

ಅಂತೆ ಅಲ್ಲ, ಆಗಿದೆ.
ಕೊಕ್ಕು ಉಗುರು ನೋಡಿ ಬರೆದ ಲೆಕ್ಕವನ್ನು
ರಕ್ತ ನೋಡಿದವರು ಹೊಡೆದುಹಾಕಿದ್ದಾರೆ.

ಮೊದಲು ಬೆಣೆಬಾಲದ ಹದ್ದು.
ಎರಡೂ ಕೈ ಚಾಚಿದರೂ ಸಾಲದ ರೆಕ್ಕೆ, ಈಗ ಮಡಿಸಿದ ಕೊಡೆ.
ಬೆರಳ ತನಕ ಗರಿಯ ಕಾಲುಚೀಲ.
ಪಕ್ಕದ್ದು ಕಡಲ ಹದ್ದು, ಬೋಳು ಕಾಲು.
ಹೆಸರಲ್ಲಿ ಇಬ್ಬರೂ ಈಗಲ್;
ಇದರ ಒಡಹುಟ್ಟಿದವರು ಮಾತ್ರ
ಕಸದ ಗುಡ್ಡೆಯ ಮೇಲೆ ಸುತ್ತುವ ಕೈಟುಗಳು.
"ದೊಡ್ಡಸ್ತಿಕೆ ಎಲ್ಲಿ ಹೋಯಿತು ನೋಡು" ಎಂದು ನಗುತ್ತಾನೆ ಟ್ರೆಲೋರ್,
ನಲವತ್ತು ವರ್ಷ ಇವಕ್ಕೆ ಹತ್ತಿ ತುಂಬಿದವನು.
ನನಗೇನೂ ಅಚ್ಚರಿಯಿಲ್ಲ.
ನಮ್ಮಲ್ಲಿ ಎರಡಕ್ಕೂ ಒಂದೇ ಮಾತು: ಹದ್ದು.

ಮೂರನೆಯದರ ಕಾಲಲ್ಲಿ: ಕೇರ್ನ್ಸ್, ೧೯೧೧.
ಕೆಂಗಂದು ಬೆನ್ನು, ಬಿಳಿ ಎದೆ, ಕಣ್ಣಲ್ಲಿ ಹತ್ತಿ.
ಗರುಡ.
ಆಕಾಶದಲ್ಲಿ ಕಂಡರೆ ಅಜ್ಜಿ ನಡುಬೀದಿಯಲ್ಲೇ ಚಪ್ಪಲಿ ಬಿಟ್ಟು
ಕೆನ್ನೆ ಕೆನ್ನೆ ಮುಟ್ಟಿಕೊಳ್ಳುತ್ತಿದ್ದಳು.
ನನ್ನ ಕೈಗೆ ರಬ್ಬರ್ ಗ್ಲೌಸು. ಮುಗಿಯಲಿಲ್ಲ.
ಕೂಸಿನ ತಲೆ ಹಿಡಿವಂತೆ ಕುತ್ತಿಗೆ ಹಿಡಿದು
ಕಡಲ ಹದ್ದಿನ ಮಗ್ಗುಲಲ್ಲಿ ಮಲಗಿಸಿದೆ.

ಡೇಗೆಯದೇ ತಕರಾರು.
ಅದೇ ಬಾಗಿದ ಕೊಕ್ಕು, ಅದೇ ಕೊಲ್ಲುವ ಕಸುಬು,
ಆದರೂ ಹದ್ದಿನೊಡನೆ ಹತ್ತಿರದ ನೆಂಟಸ್ತಿಕೆಯಿಲ್ಲ.
ಗಿಣಿಯ ದಾಯಾದಿಯಂತೆ. ಗಿಣಿ!
ಟ್ರೆಲೋರ್ ತಲೆ ಕೆರೆದುಕೊಂಡ.
ಹೊರಗೆ ಗಮ್ ಮರದಲ್ಲಿ
ಗುಲಾಬಿ ಎದೆಯ ಗಲಾಗಳು ಒಂದಕ್ಕೊಂದು ಬೈಯುತ್ತಿದ್ದವು.

"ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟ ಹಾಗಾಯ್ತು."
ನನ್ನ ಮದುವೆ ಮುರಿದ ವರ್ಷ
ಚಿಕ್ಕಮ್ಮ ಸಿಕ್ಕಸಿಕ್ಕವರಿಗೆ ಹೇಳಿದ ಮಾತು.
ಫೋನು ಮಾಡಬೇಕು ಅವಳಿಗೆ:
ಗಿಡುಗ ಇದ್ದಲ್ಲೇ ಇದೆ ಚಿಕ್ಕಮ್ಮ, ಹದ್ದಿನ ಮನೆಯಲ್ಲಿ,
ನಿನ್ನ ಗಾದೆಗೇನೂ ಆಗಿಲ್ಲ.
ಡೇಗೆ ಮಾತ್ರ ನಮ್ಮ ಕಡೆಯವರು.
ಉಗುರು ನಮ್ಮ ಮನೆಯಲ್ಲೂ ಇತ್ತು.

ಅಷ್ಟು ಹೇಳಿದರೆ ಅವಳು, "ಊಟ ಆಯ್ತಾ?" ಎನ್ನುತ್ತಾಳೆ.

ಡೇಗೆ ಎತ್ತಿದ ಜಾಗದಲ್ಲಿ
ಅದರದೇ ಆಕಾರದ, ಧೂಳಿಲ್ಲದ ಒಂದು ತುಂಡು.
ಗಿಣಿಗಳ ಖಾನೆ ಎಳೆದೆ. ಮರ ಉಬ್ಬಿ ಅರ್ಧಕ್ಕೇ ನಿಂತಿತು.
ಇಣುಕಿದರೆ ಒಳಗೆ ಹಸಿರೋ ಹಸಿರು, ಬೆರಳಿಡಲೂ ತೆರಪಿಲ್ಲ.
ಸದ್ಯಕ್ಕೆ ಮೇಜಿನ ಮೇಲೇ ಮಲಗಿದೆ,
ಟ್ರೆಲೋರನ ಚಹಾದ ಲೋಟದ ಪಕ್ಕ,
ಹೊಸ ಚೀಟಿ ಕಟ್ಟಿಸಿಕೊಂಡು.