ದೀಪ ಹಚ್ಚಿದ ಮ್ಯಾಲ

ದೀಪ ಹಚ್ಚಿದ ಮ್ಯಾಲ ಹೆಪ್ಪು ಕೊಡಬಾರದು
ಅನ್ನೂದು ನಮ್ಮ ಓಣಿಯ ಕಾಯ್ದೆ.
ಕೇಳಾಕ ಹೋದ ನನಗೂ ಗೊತ್ತು, ನೀಲವ್ವಗೂ ಗೊತ್ತು.
ಆದರೂ ಅಕಿ ಸೆರಗಿನ ಮರಿಗೆ ಒಂದು ಚಮಚೆ ತರತಿದ್ದಳು,
ಬದಲಿಗೆ ಒಂದು ಹಸಿಮೆಣಸಿನಕಾಯಿ ಇಸಗೊಂಡು:
‘ಇದು ಕೊಟ್ಟಂಗಲ್ಲಬೇ, ಬದಲಾಯಿಸಿದಂಗ.’

ಗುಳೇದಗುಡ್ಡದಾಚೆ
ಕಲ್ಲು ಕಡದು ಬಿಟ್ಟುಹೋದ ಇಳುಕಲಿನಾಗ
ಈಗ ನನಗ ದಿನಗೂಲಿ.
ಹದಿನೆಂಟು ವರ್ಷ ಟ್ರ್ಯಾಕ್ಟರು ಹತ್ತಿಳಿದ ದಾರಿ,
ಕಾಲಿಟ್ಟರ ಹಿಮ್ಮಡ ಮುಣಗೂವಷ್ಟು ಕೆಂಪು ಪುಡಿ.
‘ಮಣ್ಣು ಅನಬ್ಯಾಡ ಇದಕ್ಕ’ ಅಂತಾಳ
ಬಾಗಲಕೋಟಿಯಿಂದ ಬರೂ ನಸೀಮಾ ಮೇಡಂ,
‘ಇದು ಕಲ್ಲಿನ ಹಿಟ್ಟು.
ಮಣ್ಣಾಗಬೇಕಂದ್ರ ಒಳಗ ಯಾರರ ಬಾಳ್ವೆ ಮಾಡಬೇಕು.’

ಹೋದ ವರ್ಷ ಹಚ್ಚಿದ್ದು ಸಾವಿರದ ನಾಕುನೂರು ಸಸಿ.
ಕಾರಹುಣ್ಣಿಮಿಗೆ ಎಲಿ, ದಸರಾಕ್ಕ ಕಟಗಿ.
ಒಂದನ್ನ ಕಿತ್ತು ತೊಳದು ತೋರಿಸಿದಳು:
ಬೋಳು ಬೇರು, ಹೊಲಿಯಾಕ ಬಿಟ್ಟ ದಾರದಂಗ.
ಆಮ್ಯಾಲ ಗುಡ್ಡದ ಬೆನ್ನಿಗೆ, ಟ್ರ್ಯಾಕ್ಟರು ಮುಟ್ಟದ ಕಡೆ,
ಬನ್ನಿಯ ನೆರಳಾಗ ಒಂದು ಕಾಡುನೀಲಿ ಕೆದರಿದಳು.
ಬೇರಿಗೆ ನವಣಿಕಾಳಿನಂಥ ಗಂಟು.
ಉಗುರಿನಾಗ ಹಿಚುಕಿದರ ಒಳಗ ಕೆಂಪು,
ನೆತ್ತರಕ್ಕ ದೂರದ ಬೀಗರು ಇದ್ದಂಗ.
‘ಇಲ್ಲಿ ಅದಾರ ನೋಡು’ ಅಂದಳು.
ನಾ ಯಾರನ್ನೂ ಕಾಣಲಿಲ್ಲ. ಆದರೂ ಸೆರಗು ಸರಿಮಾಡಿಕೊಂಡೆ.

ಅಲ್ಲಿಯ ಒಂದು ಹಿಡಿ ಮಣ್ಣು ಒಯ್ದು
ಮಳಿಗಾಲಕ್ಕ ಕರಿ ಪುಡಿಯ ಪಾಕೀಟು ಮಾಡಿ ತಂದಳು.
ಮಾಲಿಂಗಪುರದ ಬೆಲ್ಲ ಕುದಿಸಿ,
ಆರಿಸಿ, ಅದರಾಗ ಕಲಿಸಿ
ಹುರಳಿಗೆ, ಕಾಡುನೀಲಿಯ ಬೀಜಕ್ಕ ಸವರೂದು.
ಬೆಲ್ಲದ ನೀರು ಎಷ್ಟು ಆರಬೇಕು?
ಹಾಲಿಗೆ ಹೆಪ್ಪು ಹಾಕಿದ ಕೈ ಇದು,
ಬೆರಳು ಅದ್ದಿ ಹೇಳಿದೆ.

ಮೊದಲನೇ ಪಾಕೀಟು ದುರಗಪ್ಪ
ಟ್ರ್ಯಾಕ್ಟರಿನ ಬಾನೆಟ್ಟಿನ ಮ್ಯಾಲ ಮರತ.
ಎರಡು ತಾಸಿನ ಬಿಸಲು.
ಪಾಕೀಟು ಹರದಿರಲಿಲ್ಲ, ಬಣ್ಣ ಬದಲಾಗಿರಲಿಲ್ಲ.
ಎಷ್ಟು ಸತ್ತುವೋ!
ಅಳಾಕ ಹೆಸರಿಲ್ಲ, ಹೂಳಾಕ ಹೆಣ ಇಲ್ಲ.
ಮೇಡಂ ಬೈಲಿಲ್ಲ.
ತೊಳದ ಡಬರಿಯನ್ನ ಮತ್ತೊಮ್ಮೆ ತೊಳದಳು.

‘ಇನ್ನ ಹೊತ್ತು ಮುಣಗಿದ ಮ್ಯಾಲೇ ಬಿತ್ತೂದು’ ಅಂದಳು.
ಹಂಗ ನಿಂತಿದ್ವಿ ಏಳು ಮಂದಿ, ಮಡಿಲಾಗ ಕರಿ ಬೀಜ.
ಕೆಳಗ ಊರಾಗ ಒಂದೊಂದೇ ದೀಪ,
ಅಷ್ಟು ದೂರಕ್ಕೂ ಕೇಳೂ ಮಗ್ಗದ ಸಪ್ಪಳ.
ನನ್ನ ಕೈ ಏಳಲಿಲ್ಲ.
ದೀಪ ಹಚ್ಚಿದಾರ,
ಇದು ಹೆಪ್ಪಲ್ಲದ ಮತ್ತೇನು?
ಈ ಗುಡ್ಡದ ಹತ್ರ ಬದಲಿ ಕೊಡಾಕ
ಒಂದು ಮೆಣಸಿನಕಾಯಿ ಸೈತ ಇಲ್ಲ.

ಬಗ್ಗಿ ಒಂದು ಕೆಂಪು ಹಳ್ಳು ಆರಿಸಿ
ಸೆರಗಿಗೆ ಗಂಟು ಹಾಕಿಕೊಂಡೆ.
ಆಮ್ಯಾಲ ಬಿತ್ತಿದೆ.

ಶ್ರಾವಣದಾಗ ಸಾಹೇಬರು ಎಣಸಾಕ ಬಂದರು.
ಮೊಣಕಾಲಿಗೂ ಬರದ ಹುರಳಿ ಬಳ್ಳಿ, ನಡುನಡುವ ಬೋಳು.
‘ಗಿಡ ಎಲ್ಲಿ?’
ಬಾಟಲಿ ನೀರಿನಾಗ ಒಂದು ಬೇರು ತೊಳದು ಹಿಡಿದೆ:
ಗಂಟು, ನಾಕು.
ಚಷ್ಮಾ ಏರಿಸಿ ನೋಡಿದರು.
‘ಇದಕ್ಕ ಕಾಲಂ ಇಲ್ಲವಾ’ ಅಂದರು, ಮೆತ್ತಗ,
ಕಿತ್ತ ಬಳ್ಳಿಯನ್ನ ಎಲ್ಲಿ ಇಡಬೇಕಂತ ತಿಳೀದ
ತಮ್ಮ ಫೈಲಿನಾಗ ಇಟಗೊಂಡು ಹೋದರು.

ಮೊನ್ನಿ ಮಳಿಗೆ ಮ್ಯಾಲಿನ ಅರ್ಧ ಮತ್ತ ಜರದೈತಿ.
ಕೆಳಗಿನರ್ಧ ನಿಂತೈತಿ.
ಆ ಹಳ್ಳು ನನ್ನ ಮೊಸರಿನ ಗಡಿಗಿಯ ಮುಚ್ಚಳದ ಮ್ಯಾಲ ಐತಿ,
ಬೆಕ್ಕು ತಗೀಬಾರದಂತ.